ಅತ್ತೆಗೆ ಗಾಳಿ ತಾಗದ ಕಾರ್ಡು

ನನಗೆ ಸಿಟ್ಟು ಜಾಸ್ತಿ ಎಂದು ಪೊಝೆಗಾ ಊರಿನಲ್ಲೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಸಿಟ್ಟು ಇರುವುದು ಬೇರೆ, ಅದನ್ನು ತೋರಿಸಲು ಒಂದು ಜಾಗ ಇರುವುದು ಬೇರೆ. ನಾನು ಮನೆಅಳಿಯ. ಮನೆ ಹೆಂಡತಿಯದು, ಒಲೆ ಅವಳ ತಾಯಿಯದು, ಕೊನೆಗೆ ಮನೆದೇವರ ಹಾಗೆ ಮನೆ ಕಾಯುವ ಸಂತ ಕೂಡ ಅವರ ಕಡೆಯವನೇ. (ನಮ್ಮಪ್ಪನ ಸಂತನನ್ನು ಬಿಟ್ಟು ಇವರ ಸಂತ ನಿಕೋಲನಿಗೆ ಮೇಣದಬತ್ತಿ ಹಚ್ಚುತ್ತಾ ಬಂದಿದ್ದೇನೆ. ನಮ್ಮಪ್ಪನ ಸಂತ ಇದನ್ನು ಮರೆತಿಲ್ಲ ಎಂದು ನನ್ನ ಅನುಮಾನ.) ಇಂಥ ಮನೆಯಲ್ಲಿ ಗಂಡಸು ಕೂಗಾಡುವಂತಿಲ್ಲ. ಆದ್ದರಿಂದ ನಾನು ಗೊಣಗುತ್ತೇನೆ.

ಗೊಣಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಅತ್ತೆ ಪೆರ್ಸಿದಾಗೆ ಕಿವಿ ಮಂದ. ಬಾಯಿ ತೆರೆದು 'ನೀವು' ಎನ್ನುತ್ತಿದ್ದೆ, ಬಾಯಿ ಮುಚ್ಚಿ 'ನೀನು' ಎನ್ನುತ್ತಿದ್ದೆ. ಸಂಸಾರ ಸುಖವಾಗಿತ್ತು.

ಚಳಿಗಾಲದಲ್ಲಿ ನಾವು ಮೂವರೂ ಅಡುಗೆಮನೆಯಲ್ಲೇ ಇರುತ್ತೇವೆ, ಸೌದೆ ಒಲೆ ಇರುವುದು ಅಲ್ಲೇ. ಮೇಜಿನ ಈ ಬದಿಗೆ ನನ್ನ ಬೆಂಚು. ತಗಡು ಬಡಿದು, ಮನೆಗಳ ಸೂರಿಗೆ ಮಳೆನೀರಿನ ದೋಣಿ ಕೂರಿಸಿ ಬಂದು ಅದರ ಮೇಲೆ ನಾನು ಉರುಳಿಕೊಳ್ಳುತ್ತೇನೆ. ಆ ಬದಿಗೆ ಅತ್ತೆ, ಉಣ್ಣೆಯ ಉಂಡೆ. ನಡುವೆ ನನ್ನ ಹೆಂಡತಿ ಲ್ಯುಬಿಂಕಾ, ಅವಳ ಕಂಪ್ಯೂಟರು. ಅವಳು ಉಣ್ಣೆ ಜಂಪರುಗಳ ನಮೂನೆ ಬರೆಯುತ್ತಾಳೆ. ಒಂದು ಕುಣಿಕೆಗೆ ಒಂದು ಚೌಕ, ಚೌಕಕ್ಕೆ ಬಣ್ಣ. ಮೇಲಿನ ಹಳ್ಳಿಗಳ ಹೆಂಗಸರು ಅದನ್ನು ನೋಡಿಕೊಂಡು ಹೆಣೆಯುತ್ತಾರೆ. ಜಿಂಕೆ, ನಕ್ಷತ್ರ, ಫರ್ ಮರ, ಮತ್ತೆ ಜಿಂಕೆ.

ಕಂಪ್ಯೂಟರಿನ ಡಬ್ಬಿ ಮೇಜಿನ ಕೆಳಗೆ. ಅದರೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಒಂದಿತ್ತು, ವರ್ಷಗಳ ಹಿಂದೆ ಯಾರೋ ಯುದ್ಧದ ಆಟ ಆಡಿ ಆಡಿ ಸುಸ್ತುಮಾಡಿ ಮಾರಿದ್ದು. (ನನ್ನ ಹೆಂಡತಿ ಆಡುವ ಆಟ ಒಂದೇ, ಅದು ನನ್ನ ತಾಳ್ಮೆಯ ಜೊತೆ.) ಅದು ರೊಟ್ಟಿ ಸುಡುವಷ್ಟು ಕಾಯುತ್ತಿತ್ತು. ಅದನ್ನು ತಣಿಸಲು ಅದರ ಬೆನ್ನಿನ ಫ್ಯಾನು ಒಕ್ಕಣೆ ಯಂತ್ರದ ಹಾಗೆ ಭರ್ರೆನ್ನುತ್ತಿತ್ತು. ಅಷ್ಟಾದರೂ ತಣಿಯದೆ ಆಗಾಗ ಪರದೆಯ ಜಿಂಕೆಗಳೆಲ್ಲ ಹಸಿರಾಗಿ ಸತ್ತುಹೋಗುತ್ತಿದ್ದವು.

ಜಿಂಕೆ ಸತ್ತರೆ ಸಾಯಲಿ. ಗ್ರಹಚಾರ ಶುರುವಾದದ್ದು ಆ ಫ್ಯಾನಿನ ಗಾಳಿಯಿಂದ.

"ಅಳಿಯಾ, ಈ ಡಬ್ಬಿ ನನ್ನ ಕಾಲಿಗೆ ಊದ್ತಾ ಇದೆ."

"ಬಿಸಿ ಗಾಳಿ ತಾನೇ ಅಮ್ಮ? ಒಳ್ಳೇದೇ ಆಯ್ತಲ್ಲ."

"ಬಿಸಿನೋ ತಣ್ಣಗೋ, ಗಾಳಿ ಗಾಳಿನೇ. ಒಂದ್ಕಡೆಯಿಂದ ನುಗ್ಗಿ ಇನ್ನೊಂದ್ಕಡೆ ಹೋಗತ್ತೆ ಅಂದ್ರೆ ಅದು ಪ್ರೊಮಾಯಾ, ಕೊಲ್ಲೋ ಗಾಳಿ. ಸೀದಾ ಸೊಂಟಕ್ಕೆ ಇಳಿಯತ್ತೆ. ನಮ್ಮ ಯೆಲೆನ್ಕಾ ಸತ್ತಿದ್ದು ಹೇಗೆ?"

"ಲಾರಿ ಗುದ್ದಿ."

"ಆ ಲಾರಿ ಕಿಟಕಿ ತೆಗೆದಿತ್ತು!"

ಬೇಸಿಗೆಯ ಸೆಕೆಯಲ್ಲಿಯೂ ನಮ್ಮ ಬಸ್ಸುಗಳಲ್ಲಿ ಕಿಟಕಿ ತೆಗೆದವನನ್ನು ಕೊಲೆಗಾರನಂತೆ ನೋಡುತ್ತಾರೆ. ಒಲೆಯ ಮೇಲೆ ನಾನೇ ತಗಡು ಬಡಿದು ಹೊಗೆ ಎಳೆಯುವ ಫ್ಯಾನು ಕೂರಿಸಿದ್ದೇನೆ, ವಿಮಾನಕ್ಕೂ ಸಾಲುವಂಥದ್ದು. ಕೂರಿಸಿದ ದಿನ ಅತ್ತೆ ಅದರ ಸ್ವಿಚ್ಚಿಗೆ ಶಿಲುಬೆಯ ಗುರುತು ಮಾಡಿದಳು, ಅಂದಿನಿಂದ ಯಾರೂ ಮುಟ್ಟಿಲ್ಲ.

"ಸಂತ ನಿಕೋಲನ ಹಬ್ಬದೊಳಗೆ ಈ ಊದೋದು ನಿಲ್ಲದಿದ್ರೆ ನಾನು ಚಾಚಕ್‌ಗೆ ಹೋಗ್ತೀನಿ, ತಂಗಿ ಕೋಸಾರಾ ಮನೆಗೆ. ಅಲ್ಲೇ ಸಾಯ್ತೀನಿ," ಎಂದಳು ಅತ್ತೆ.

ನನ್ನ ಮುಖದ ಮೇಲೆ ದುಃಖ ತರಲು ಎಷ್ಟು ಕಷ್ಟಪಟ್ಟೆನೆಂದು ಆ ಸಂತನಿಗೇ ಗೊತ್ತು. ಅಷ್ಟರಲ್ಲಿ ಲ್ಯುಬಿಂಕಾ, ಪರದೆಯಿಂದ ಕಣ್ಣು ಕೀಳದೆ, "ಅಮ್ಮ ಹೋದ್ರೆ ಜೊತೆಗೆ ನಾನೂ ಹೋಗ್ತೀನಿ, ಓಬ್ರಾದ್. ಅವಳನ್ನ ಈ ವಯಸ್ಸಲ್ಲಿ ಒಬ್ಬಳನ್ನೇ ಕಳಿಸ್ತೀನಾ? ನೀನು ಬೆಂಚಿನ ಮೇಲೆ ಬಿದ್ಕೊಂಡಿರು," ಎಂದಳು.

ತಮಾಷೆಗೆ ಹೇಳಿದಳು ಎಂದುಕೊಂಡೆ. ಅವಳು ತಮಾಷೆ ಮಾಡುವಾಗ ಮೂಗು ಸುಕ್ಕಾಗುತ್ತದೆ. ಈಗ ಆಗಿರಲಿಲ್ಲ. ಅವಳಿಲ್ಲದ ಈ ಅಡುಗೆಮನೆಯನ್ನು ಒಮ್ಮೆ ಕಲ್ಪಿಸಿಕೊಂಡೆ. ಬೀನ್ಸ್ ಕಾಳು ಯಾವ ಡಬ್ಬದಲ್ಲಿದೆ ಎಂಬುದೂ ನನಗೆ ಗೊತ್ತಿಲ್ಲ. ಅದಿರಲಿ, ಸಾಯಂಕಾಲ ಮನೆಗೆ ಬಂದರೆ ಯಾರ ಮುಖ ನೋಡಲಿ?

"ಹೋಗೇ ಮುದುಕಿ," ಎಂದು ಗೊಣಗಿದೆ, "ನಿನ್ನ ಬಸ್ಸಿನ ಕಿಟಕಿ ಎಲ್ಲಾ ತೆಗೆದಿರಲಿ." ಆಮೇಲೆ ಬಾಯಿ ತೆರೆದು, "ನೀವು ಎಲ್ಲಿಗೂ ಹೋಗ್ಬೇಡಿ ಅಮ್ಮ, ನಾಳೆನೇ ಹೊಸ ಕಾರ್ಡ್ ತರ್ತೀನಿ," ಎಂದೆ.

ಪೇಟೆ ಬೀದಿಯ ಕಂಪ್ಯೂಟರ್ ಅಂಗಡಿಯವನು ರಾಶ್ಕೋ. ಒಳ್ಳೆಯವನು, ಆದರೆ ಈಗಿನವರೆಲ್ಲರ ಹಾಗೆ ಬಾಯೊಳಗೇ ಮಾತಾಡುತ್ತಾನೆ.

"ಏನಂದೆ? ಜೋರಾಗಿ ಹೇಳು!"

"ಯಾವ ಆಟ ಆಡ್ತೀರಾ ಅಂದೆ ಮೇಸ್ತ್ರಿ!"

"ಆಟ ಆಡೋ ವಯಸ್ಸಾ ನಂದು? ಹೆಂಡತಿ ಜಂಪರ್ ಬರೀತಾಳೆ. ಅಗ್ಗವಾಗಿರ್ಬೇಕು, ಕಾಯಬಾರ್ದು, ಊದಬಾರ್ದು."

ಅವನು ಕೇಳಿಸಿಕೊಂಡರೆ ತಾನೇ? ಇಟ್ಟಿಗೆಯಷ್ಟು ಉದ್ದದ ಕಾರ್ಡೊಂದನ್ನು ಮುಂದಿಟ್ಟ. ಮೂರು ಫ್ಯಾನು, ಸುತ್ತ ಕೆಂಪು ನೀಲಿ ದೀಪ.

"ಇದೇನು ಕಾರ್ಡೋ, ಸರ್ಕಸ್ಸೋ?"

"ಮುಂದಕ್ಕೆ ಬೇಕಾಗತ್ತೆ ಮೇಸ್ತ್ರಿ. ಆದ್ರೆ ಇದಕ್ಕೆ ಬೇರೆ ಕರೆಂಟ್ ವೈರ್ ಕೊಡ್ಬೇಕು, ಪವರ್ ಸಪ್ಲೈನೂ ದೊಡ್ಡದು ಹಾಕ್ಬೇಕು..."

"ಮನೆನೂ ದೊಡ್ಡದು ಕಟ್ಟಿಸ್ಲಾ? ಒಂದು ಫ್ಯಾನಿಗೇ ನನ್ನ ಸಂಸಾರ ಒಡೀತಾ ಇದೆ, ನೀನು ಮೂರು ಕೊಡ್ತೀಯಾ?" ಎಂದು ಮೇಜಿಗೆ ಗುದ್ದಿದೆ. ಅಂಗಡಿಯ ದೀಪಗಳು ಆರಿ ಹತ್ತಿದವು. (ಮನೆಯಲ್ಲಿ ಗುದ್ದಲಾಗದ್ದೆಲ್ಲ ಹೊರಗೆ ಗುದ್ದಬೇಕಾಗುತ್ತದೆ. ಪಾಪ, ಅಂಗಡಿಗಳು.)

ರಾಶ್ಕೋ ಹೆದರಿ ಕೆಳಗಿನ ಖಾನೆಯಿಂದ ಅಂಗೈಯಗಲದ ಪೆಟ್ಟಿಗೆ ತೆಗೆದ. ಒಳಗಿನ ಕಾರ್ಡಿಗೆ ಫ್ಯಾನೇ ಇಲ್ಲ. ಅದರ ಬದಲು ಸಾಲಾಗಿ ನಿಂತ ಅಲ್ಯುಮಿನಿಯಂ ಹಲ್ಲುಗಳು, ಬಾಚಣಿಗೆಯ ಹಾಗೆ. ಅದನ್ನು ಕಂಡದ್ದೇ ನನ್ನ ಸಿಟ್ಟು ಇಳಿಯಿತು. ಎಷ್ಟು ತೆಳ್ಳಗಿನ ತಗಡು, ಎಷ್ಟು ನೇರ! ಕೈಯಲ್ಲಿ ಹಿಡಿದು ಸವರಿದೆ.

"ಬಿಸಿ ಎಲ್ಲಾ ಈ ಹಲ್ಲುಗಳಿಂದ ತಾನಾಗೇ ಹೋಗತ್ತೆ," ಎಂದು ರಾಶ್ಕೋ ಈಗ ಪೂರ್ತಿ ಗಂಟಲು ಬಿಟ್ಟು ಕೂಗುತ್ತಿದ್ದ. "ಕರೆಂಟ್ ಕುಡಿಯೋದೇ ಕಮ್ಮಿ, ಅದಕ್ಕೇ ಕಾಯೋದೂ ಕಮ್ಮಿ! ಕೂರೋ ಜಾಗದಿಂದ್ಲೇ ಕರೆಂಟ್ ತಗೊಳತ್ತೆ, ಬೇರೆ ವೈರ್ ಬೇಡ! ಆಟಕ್ಕೆ ಬರಲ್ಲ, ಜಂಪರಿಗೆ ಧಾರಾಳ! ಡಬ್ಬಿ ಒಳಗಿನ ಧೂಳು ಹೊಡೀರಿ, ಸುತ್ತ ಜಾಗ ಬಿಡಿ! ನಿಮ್ಮ ಪರದೆ ವೈರಿನ ಮೂತಿ ಎಂಥದು?"

ನಾನು ವೈರನ್ನೇ ಕಿತ್ತು ಜೇಬಿನಲ್ಲಿ ತಂದಿದ್ದೆ. ಸರಿಯಾಗಿ ಕೂತಿತು.

"ಇದಕ್ಕಿಂತ ಅಗ್ಗದ್ದು?"

"ಇದಕ್ಕಿಂತ ಅಗ್ಗದ್ದು ಅಂದ್ರೆ ಪೆನ್ಸಿಲ್ಲು ಮೇಸ್ತ್ರಿ."

ಮನೆಗೆ ಬಂದು ಧೂಳು ಹೊಡೆದೆ. ಒಂದು ಬೆಕ್ಕು ಮಾಡುವಷ್ಟು ಉಣ್ಣೆ ಬಂತು. ಹಳೆಯ ಕಾರ್ಡು ಕಿತ್ತು ಹೊಸದನ್ನು ಕೂರಿಸಿ ಗುಂಡಿ ಒತ್ತಿದೆ. ಜಿಂಕೆಗಳು ಎದ್ದು ನಿಂತವು, ಕೆಂಪಗೆ, ಜೀವಂತ. ಸದ್ದೇ ಇಲ್ಲ! ಅಡುಗೆಮನೆಯಲ್ಲಿ ಗೋಡೆ ಗಡಿಯಾರವೊಂದು ಟಿಕ್ ಟಿಕ್ ಎನ್ನುತ್ತದೆಂದು ನನಗೆ ತಿಳಿದದ್ದೇ ಆವತ್ತು.

ಅತ್ತೆ ಬಗ್ಗಿ ಡಬ್ಬಿಯ ಮುಂದೆ ಅಂಗೈ ಹಿಡಿದಳು, ಬಹಳ ಹೊತ್ತು. "ಊದ್ತಾ ಇಲ್ಲ," ಎಂದಳು. ಅವಳ ಬಾಯಲ್ಲಿ ಇದು ಸನ್ಮಾನ ಪತ್ರ. ಲ್ಯುಬಿಂಕಾ ನನ್ನ ತಲೆ ಸವರಿ, ಕುಂಬಳಕಾಯಿ ಕಡುಬಿನ ತುದಿಯ ಗರಿಗರಿ ತುಂಡನ್ನು ನನ್ನ ತಟ್ಟೆಗೆ ಹಾಕಿದಳು. ನಾನು ವಿಜಯಶಾಲಿಯಾಗಿ ಬೆಂಚಿನ ಮೇಲೆ ಪವಡಿಸಿದೆ.

"ಅಳಿಯಾ, ಒಲೆಗೆ ಸೌದೆ ಇಲ್ಲ."

ಎಂದಿನಂತೆ ನಾನು ಗೋಡೆಯ ಕಡೆ ಹೊರಳಿ ಗೊಣಗಿದೆ: "ಮಹಾರಾಣಿ ಪೆರ್ಸಿದಾ ತಾನೇ ಎದ್ದು ತಂದ್ರೆ ಕಿರೀಟ ಬಿದ್ದೋಗತ್ತಾ?"

ಮೇಜಿನ ಆಚೆಯಿಂದ ಒಂದು ಸಣ್ಣ ದನಿ ಬಂತು: "ನಾನೇ ತರ್ತಿದ್ದೆ, ಅವನ ಹೊಟ್ಟೆ ದಾಟಿ ಬಾಗಿಲಿಗೆ ಹೋಗೋಕೆ ದಾರಿ ಇದ್ದಿದ್ರೆ."

ನಾನು ಎದ್ದು ಕುಳಿತೆ. "ಅಮ್ಮ! ನಿಮಗೆ... ಕೇಳಿಸ್ತಾ?"

"ಯಾವತ್ತು ಕೇಳಿಸಿಲ್ಲ?"

"ನಿಮಗೆ ಕಿವಿ ಮಂದ ಅಲ್ವಾ?"

"ನಂಗಾ?" ಅತ್ತೆ ಹೆಣೆಯುವ ಕಡ್ಡಿ ಕೆಳಗಿಟ್ಟಳು. "ಜೀವಮಾನವೆಲ್ಲಾ ತಗಡು ಬಡಿದು ಕಿವಿ ಕಳಕೊಂಡೋನು ನೀನು. ನೀನು ಗೊಣಗಿದ್ರೆ ಎದುರುಮನೆ ನಾಯಿ ಎದ್ದು ಕೂರತ್ತೆ. ಬಸ್ಸಿನ ಕಿಟಕಿದೂ ಕೇಳಿಸ್ತು."

ನನ್ನ ಕಿವಿ ಬಿಸಿಯಾಯಿತು. ಹಳೆಯ ಕಾರ್ಡು ಕೂಡ ಅಷ್ಟು ಕಾದಿರಲಿಲ್ಲ. "ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?"

ಲ್ಯುಬಿಂಕಾ ಭುಜ ಕುಲುಕಿಸಿ ನಗುತ್ತಿದ್ದಳು. "ಅಮ್ಮನಾ? ಸುಮ್ಮನಾ? ನಿನ್ನ ಒಂದಕ್ಕೆ ಎರಡು ಹೇಳ್ತಾ ಬಂದಿದಾಳೆ. ಆ ಫ್ಯಾನಿನ ಸದ್ದಲ್ಲಿ ನಿನಗೊಬ್ಬನಿಗೇ ಕೇಳಿಸ್ತಿರಲಿಲ್ಲ. ಮಧ್ಯೆ ಕೂತ ನನಗೆ ಎರಡೂ ಕಡೆದು!"

ಅಂದಿನಿಂದ ನಮ್ಮ ಮನೆಗೆ ಭಯಂಕರವಾದ ಮರ್ಯಾದೆ ಬಂತು. "ದಯವಿಟ್ಟು ಉಪ್ಪು ಕೊಡ್ತೀರಾ ಅಮ್ಮ?" "ತಗೋಪ್ಪ, ದೇವರು ಒಳ್ಳೇದು ಮಾಡ್ಲಿ." ಕೋರ್ಟಿನಲ್ಲಿ ಊಟ ಮಾಡಿದ ಹಾಗೆ. ಬಾಯಿಗೆ ಬಂದದ್ದನ್ನು ನುಂಗಿ ನುಂಗಿ ನನಗೆ ಎದೆಯುರಿ. ಅತ್ತೆಯೂ ಬಾಡಿದಳು. ಬಾಯಿ ಬಿಡುತ್ತಿದ್ದಳು, ಗಡಿಯಾರದ ಟಿಕ್ ಟಿಕ್ ಕೇಳಿ ಮುಚ್ಚುತ್ತಿದ್ದಳು. ಹೆಣಿಗೆಯ ಕುಣಿಕೆ ತಪ್ಪುತ್ತಿತ್ತು, ಪಾತ್ರೆಯ ಮುಚ್ಚಳ ಅಪ್ಪಳಿಸುತ್ತಿತ್ತು. ಜಿಂಕೆಗಳು ಮಾತ್ರ ಪರಮ ಆರೋಗ್ಯದಿಂದಿದ್ದವು. ಒಂದು ಸಲ ಊಟದ ನಡುವೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳ ಕಣ್ಣಲ್ಲಿ ನನ್ನ ಬಗ್ಗೆ ಕನಿಕರವಿತ್ತು. ದೇವರಾಣೆ, ನನ್ನ ಕಣ್ಣಲ್ಲೂ ಇತ್ತು.

ಹಬ್ಬದ ಹಿಂದಿನ ಸಂಜೆ. ಮರುದಿನದ ಮೀನನ್ನು ಶುಚಿಮಾಡಿ ಮುಗಿಸಿದ ಅತ್ತೆ ಥಟ್ಟನೆ ಎದ್ದಳು. ಒಂದು ಶಾಲನ್ನು ಸೊಂಟಕ್ಕೆ ಬಿಗಿದಳು. ಇನ್ನೊಂದನ್ನು ಅದರ ಮೇಲೆ ಬಿಗಿದಳು. ತಲೆಗೆ ಬಟ್ಟೆ, ಕಿವಿಗೆ ಉಣ್ಣೆ. ಚಾಚಕ್ ಬಸ್ಸಿಗೆ ಹೊರಟಳೆಂದು ನಾನು ಬೆಂಚಿನಿಂದ ಕಾಲಿಳಿಸಿದೆ. ಲ್ಯುಬಿಂಕಾ ಕೂಡ ಕುರ್ಚಿ ಬಿಟ್ಟೆದ್ದಳು. ಅತ್ತೆ ಬಾಗಿಲ ಕಡೆ ಹೋಗಲಿಲ್ಲ. ಒಲೆಯ ಬಳಿ ಹೋಗಿ, ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡು, ಸೌಟಿನ ತುದಿಯಿಂದ ನನ್ನ ಹೊಗೆ ಫ್ಯಾನಿನ ಸ್ವಿಚ್ಚು ಒತ್ತಿದಳು.

ಅಡುಗೆಮನೆ ಗುಡುಗಿತು! ಕಿಟಕಿ ಪರದೆ ಹಾರಿತು. ಅತ್ತೆ ತನ್ನ ಜಾಗದಲ್ಲಿ ಕುಳಿತು ಕಡ್ಡಿ ಎತ್ತಿಕೊಂಡಳು. ಅವಳ ತುಟಿ ಅಲ್ಲಾಡತೊಡಗಿತು, ಮುಖಕ್ಕೆ ಕಳೆ ಬಂತು. ನಾನೂ ಬೆಂಚಿನ ಮೇಲೆ ಉರುಳಿ ವಾರದ ಬಾಕಿಯನ್ನೆಲ್ಲ ತೀರಿಸಿದೆ. ಆಹಾ, ಎದೆ ಹಗುರಾಯಿತು. ಹೊರಳಿ ನೋಡಿದರೆ ಅತ್ತೆ ನನ್ನನ್ನೇ ನೋಡುತ್ತಾ ಏನೋ ದೀರ್ಘವಾಗಿ ಹೇಳುತ್ತಿದ್ದಾಳೆ, ನಗುಮುಖದಿಂದ. ಒಂದಕ್ಷರವೂ ಕೇಳಿಸಲಿಲ್ಲ. ಆ ತುಂಬು ಮನಸ್ಸಿನಲ್ಲಿ ನಾನೂ ನಕ್ಕು, ಜೋರಾಗಿ ತಲೆಯಾಡಿಸಿದೆ.

ಲ್ಯುಬಿಂಕಾ ಬಾಗಿ ನನ್ನ ಕಿವಿಯಲ್ಲಿ ಕೂಗಿದಳು: "ಯಾವುದಕ್ಕೆ ಹೂಂ ಅಂದೆ ಗೊತ್ತಾ?"

"ಯಾವುದಕ್ಕೆ?"

"ಕೋಸಾರಾ ಚಿಕ್ಕಮ್ಮ ನಾಳೆ ಹಬ್ಬಕ್ಕೆ ಬರ್ತಾಳೆ! ಈಸ್ಟರ್ ತನಕ ಇರ್ತಾಳೆ! ಮಲಗೋದು ಈ ಬೆಂಚಿನ ಮೇಲೆ! ಅಮ್ಮ ನಿನ್ನ ಒಪ್ಪಿಗೆ ಕೇಳಿದ್ಲು!" ಅವಳ ಮೂಗು ನೋಡಿದೆ. ಸುಕ್ಕಾಗಿರಲಿಲ್ಲ.

ಅದಕ್ಕೆ ನಾನು ಏನೆಂದು ಗೊಣಗಿದೆ ಎಂಬುದನ್ನು ಅಚ್ಚು ಮಾಡುವ ಹಾಗಿಲ್ಲ. ಫ್ಯಾನು ಭರ್ರೆಂದು ತಿರುಗುತ್ತಲೇ ಇತ್ತು. ಆದರೂ ಎದುರುಮನೆಯ ನಾಯಿ ಬೊಗಳಿತು.