ಅಜ್ಜಂಪುರದ ಮೌನಕ್ಕೆ ತಾವು ಹಾಕಿದ ಚಪ್ಪಾಳೆ

ಸಪ್ತಮೇಘ ಕ್ಯಾಸೆಟ್ ಕಂಪನಿಯ ವ್ಯವಸ್ಥಾಪಕರ ಸನ್ನಿಧಿಗೆ, ಕಡೂರಿನಿಂದ ಮಲ್ಲಿಕಾಂಬ ಮಾಡುವ ನಮಸ್ಕಾರಗಳು.

ಮಾನ್ಯರೇ,

‘ಹಾಡು ಮುಗಿದ ಮೇಲೆ ಉಳಿಯುವುದೇ ಹಾಡು’ ಎಂಬ ಸಾಲೊಂದನ್ನು ಎಂ.ಎ. ಓದುವಾಗ ಎಲ್ಲೋ ಕಂಡ ನೆನಪು. ಬರೆದವರು ಯಾರೋ ಮರೆತಿದ್ದೇನೆ, ಸಾಲು ಹೀಗೆಯೇ ಇತ್ತೆಂದು ಆಣೆ ಮಾಡಲಾರೆ. ಆದರೂ ಇಷ್ಟು ವರ್ಷ ಅದನ್ನು ನಂಬಿಕೊಂಡಿದ್ದೆ. ತಾವು ಈ ವರ್ಷ, ಅಂದರೆ ೧೯೮೫ರಲ್ಲಿ, ಹೊರತಂದಿರುವ ‘ಜಂಕ್ಷನ್ ಬಾಯ್ಸ್: ಇಪ್ಪತ್ತು ವರ್ಷದ ಮೆಚ್ಚಿನ ಹಾಡುಗಳು, ಜನರ ನಡುವೆ’ ಎಂಬ ಕ್ಯಾಸೆಟ್ಟನ್ನು ಕೇಳಿದ ಮೇಲೆ, ಹಾಡು ಮುಗಿಯುವ ಮೊದಲೇ ಉಳಿಯುವುದು ಕ್ರಿಕೆಟ್ ಎಂದು ತಿಳಿಯಿತು. ಈ ತಿದ್ದುಪಡಿಗಾಗಿ ತಮಗೆ ಋಣಿ.

ಈ ಜಂಕ್ಷನ್ ಬಾಯ್ಸ್ ತಂಡದ ಹಾಡುಗಾರ ಷಡಕ್ಷರಿ ನನ್ನ ತಮ್ಮ. ಬೀರೂರಿನಲ್ಲಿ ಹಗಲು ಕೊಬ್ಬರಿ ಅಂಗಡಿ, ಸಂಜೆ ಎಲೆಕ್ಟ್ರಿಕ್ ಗಿಟಾರ್. ಡ್ರಮ್ಸ್ ಬಾರಿಸುವ ಈರಣ್ಣ ರೈಲ್ವೆ ನೌಕರ. ‘ಬಾಯ್ಸ್’ ಎಂಬ ಹೆಸರನ್ನು ಕಟ್ಟಿಸಿದ ಹಲ್ಲು ಬಂದ ಮೇಲೂ ಬದಲಿಸದ ಈ ರಾಕ್ ತಂಡ, ಕಡೂರು, ತರೀಕೆರೆ ಕಡೆಯ ಎಷ್ಟೋ ಮದುವೆಗಳಲ್ಲಿ ಬೀಗರನ್ನು ಊಟದ ಎಲೆ ಬಿಟ್ಟು ಎಬ್ಬಿಸಿ ಕುಣಿಸಿದೆ. ಇಂಥವರನ್ನು ಜನರ ಎದುರಿಗೇ ಧ್ವನಿಮುದ್ರಿಸಬೇಕೆಂದು ತಮಗೆ ಹೊಳೆದದ್ದು ದೊಡ್ಡ ವಿಷಯ. ಅದಕ್ಕೆ ಅಜ್ಜಂಪುರದ ಅಕ್ಕಿ ಗಿರಣಿಯ ಅಂಗಳವನ್ನು ಆರಿಸಿದ್ದು ಇನ್ನೂ ದೊಡ್ಡದು.

ಆ ಸಂಜೆ ನಡೆದದ್ದನ್ನು ತಾವು ತಪ್ಪು ತಿಳಿದಿರುವುದರಿಂದ ವಿವರಿಸುತ್ತೇನೆ. ಗಿರಣಿಯ ಯಜಮಾನರಾದ ತೀರ್ಥಪ್ಪನವರಿಗೆ ರೆಕಾರ್ಡಿಂಗ್ ಎಂದರೆ ಬಹಳ ಗೌರವ. ಹಾಡು ಶುರುವಾಗುವ ಮುಂಚೆ ಅವರೇ ಮೈಕಿನ ಮುಂದೆ ನಿಂತು, “ನೋಡ್ರಪ್ಪಾ, ಯಾರಾದ್ರೂ ಕೆಮ್ಮಿದ್ರೆ ಅದೂ ಕ್ಯಾಸೆಟ್ಟಿಗೆ ಹೋಗ್ಬಿಡುತ್ತೆ. ನಾಳೆ ಮದ್ರಾಸ್ನಲ್ಲಿ ಕುಂತು ಕೇಳೋರು, ಇದ್ಯಾವೂರು ಕೆಮ್ಮು ಅಂತಾರೆ. ಮಾನ ಉಳಿಸ್ರಿ!” ಎಂದರು. ಊರು ಮಾನ ಉಳಿಸಿತು. ಗಿರಣಿ ನಿಂತಿತು. ಹೆಂಗಸರು ಮಕ್ಕಳ ಬಾಯಿಗೆ ಹುರಿಗಡಲೆ ಬೆಲ್ಲ ತುರುಕಿದರು. ಹುಡುಗರು ಕೈತಪ್ಪಿಯೂ ಚಪ್ಪಾಳೆ ಬೀಳದಿರಲೆಂದು ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡರು. ಸೀನು ಬಂದ ಮುದುಕರೊಬ್ಬರು ಎದ್ದು ರಸ್ತೆಗೆ ಹೋಗಿ, ಕೆಲಸ ಮುಗಿಸಿಕೊಂಡು, ಮೂಗು ಒರೆಸಿಕೊಂಡು ಬಂದು ಕೂತರು. ಎರಡು ಹಾಡಿನ ನಡುವೆ ಈರಣ್ಣ ಮೆಲ್ಲಗೆ, “ಸಾವಿನ ಮನೇಲೂ ಇಷ್ಟು ಶಿಸ್ತಿರಲ್ಲ ಕಣೋ ಷಡಕ್ಷರಿ, ನಾವೇನು ಬದುಕಿದೀವಾ?” ಎಂದದ್ದು ಮುಂದಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು.

ಕೊನೆಯದು ‘ಗೇಟು ತೆಗೆಯೋ ಅಣ್ಣಯ್ಯ’. ಅದರ ಕೊನೆಯ ಚರಣದಲ್ಲಿ ಗಿಟಾರು, ಡ್ರಮ್ಮು ಎಲ್ಲ ನಿಂತು ಷಡಕ್ಷರಿಯ ದನಿಯೊಂದೇ ಉಳಿಯುತ್ತದೆ. ಮದುವೆ ಮನೆಗಳಲ್ಲಿ ಆ ಚರಣವನ್ನು ಯಾರೂ ಸರಿಯಾಗಿ ಕೇಳಿದ್ದಿಲ್ಲ, ಅಷ್ಟು ಹೊತ್ತಿಗೆ ಶಿಳ್ಳೆ ಶುರುವಾಗಿರುತ್ತಿತ್ತು. ಅಂದು ಕೇಳಿಸಿತು. ಅಕ್ಕನಾದ ನಾನೂ ಅದನ್ನು ಪೂರ್ತಿಯಾಗಿ ಕೇಳಿದ್ದು ಅಂದೇ ಮೊದಲು.

ತಮ್ಮ ಕ್ಯಾಸೆಟ್ಟಿನಲ್ಲಿ ಸರಿಯಾಗಿ ಅಲ್ಲಿಗೆ ಯಾವುದೋ ಕ್ರಿಕೆಟ್ ಮೈದಾನದ ಸಾವಿರಾರು ಜನ ಹೋ ಎಂದು ಕೂಗುತ್ತಾರೆ. ರೇಡಿಯೊ ಕಾಮೆಂಟರಿ ಕೇಳಿ ಪಳಗಿದ ಈರಣ್ಣನ ಪ್ರಕಾರ, “ಇದು ಸಿಕ್ಸರ್ ಗಲಾಟೆ ಅಲ್ಲ ಕಣಕ್ಕ, ವಿಕೆಟ್ ಬಿದ್ದಿರೋದು.” ಕೂಗಿನ ಮಧ್ಯೆ ಕಡಲೆಕಾಯಿ ಮಾರುವವರೊಬ್ಬರು ಸ್ಪಷ್ಟವಾಗಿ ಕೇಳಿಸುತ್ತಾರೆ. ನನ್ನ ತಮ್ಮನಿಗಿಂತ ಅವರ ಉಚ್ಚಾರಣೆ ಚೆನ್ನಾಗಿದೆ. ಮುಂದಿನ ಕ್ಯಾಸೆಟ್ಟಿನಲ್ಲಿ ಅವರಿಗೆ ಒಂದು ಪೂರ್ತಿ ಬದಿಯನ್ನು ಕೊಡಬೇಕೆಂದು ಶಿಫಾರಸು ಮಾಡುತ್ತೇನೆ. ಅಂದು ಔಟಾದ ಆಟಗಾರರ ವಿಳಾಸ ತಿಳಿಸಿದರೆ, ನಮ್ಮ ಹಾಡಿಗೆ ಅವರು ಸಲ್ಲಿಸಿದ ಸೇವೆಗಾಗಿ ಅಜ್ಜಂಪುರಕ್ಕೆ ಕರೆಸಿ ಶಾಲು ಹೊದಿಸುವ ಏರ್ಪಾಡು ಮಾಡುತ್ತೇವೆ.

ಈ ಬಗ್ಗೆ ಮೊದಲು ಬರೆದ ಪತ್ರಕ್ಕೆ ತಾವು ಕೊಟ್ಟ ಉತ್ತರ ಬಹಳ ಸೌಜನ್ಯದ್ದು. ‘ಪ್ರೇಕ್ಷಕರಲ್ಲಿ ಉತ್ಸಾಹದ ಕೊರತೆ ಕಂಡುಬಂದಿದ್ದರಿಂದ, ಸಂಸ್ಥೆಯ ಸಂಗ್ರಹದಲ್ಲಿದ್ದ ಉತ್ಸಾಹವನ್ನು ಸೇರಿಸಲಾಗಿದೆ’ ಎಂದಿದ್ದೀರಿ. ಉತ್ಸಾಹವನ್ನು ದಾಸ್ತಾನು ಇಡುವ ಸಂಸ್ಥೆ ಇದೆಯೆಂದು ತಿಳಿದು ಹಿಗ್ಗಿದೆ. ಆದರೆ ಅದೇ ಉತ್ತರದ ಕೊನೆಯಲ್ಲಿ, ಮೂಲ ಟೇಪುಗಳನ್ನು ಈ ಡಿಸೆಂಬರ್ ಕಳೆದ ಮೇಲೆ ಅಳಿಸಿ ಬೇರೆ ಕೆಲಸಕ್ಕೆ ಬಳಸಲಾಗುವುದು ಎಂದೂ ಇದೆ. ಹಾಗಾಗಿ ಈ ಸಲ ಬಹಿರಂಗವಾಗಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಅಜ್ಜಂಪುರದ ಕಾರ್ಯಕ್ರಮವಾದ ಮೇಲೆ ಷಡಕ್ಷರಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ತಂಡ ಇದಕ್ಕೆ ಮೊದಲು ಯಾವತ್ತೂ ಧ್ವನಿಮುದ್ರಣ ಮಾಡಿಸಿದ್ದಿಲ್ಲ. ಕ್ಯಾಸೆಟ್ ಬಂದ ದಿನ ಷಡಕ್ಷರಿ ಟೇಪ್ ರೆಕಾರ್ಡರಿನ ಪಕ್ಕ ಕೂತು, ಆ ಚರಣ ಬಂದಾಗ ಕಿವಿಯನ್ನು ಅದರ ಜಾಲರಿಗೆ ಒತ್ತಿ ಹಿಡಿದ. ವಿಕೆಟ್ ಬಿತ್ತು. ಅವನು ನನ್ನ ಕಡೆ ತಿರುಗಿ ಬರಿಯ ತುಟಿ ಆಡಿಸಿ, “ಅಕ್ಕಾ, ಹೆಂಗಿತ್ತೇ ನನ್ ದನಿ?” ಎಂದು ಕೇಳಿದ. ಕವಿತೆ ಓದಿ ಓದಿ ಕನ್ನಡಕ ಹಾಕಿಸಿಕೊಂಡವಳು ನಾನು. ಒಂದು ಹೋಲಿಕೆಯೂ ಹೊಳೆಯಲಿಲ್ಲ.

ಆದ್ದರಿಂದ ವಿನಂತಿ: ತಮ್ಮ ಉತ್ಸಾಹವನ್ನು ತಾವೇ ಇಟ್ಟುಕೊಂಡು, ಮೂಲ ಟೇಪಿನಲ್ಲಿರುವ ನಮ್ಮ ಮೌನವನ್ನು ನಮಗೆ ಹಿಂತಿರುಗಿಸಬೇಕು. ಅದರಲ್ಲಿ ಅವನಿದ್ದಾನೆ. ಮೌನಕ್ಕೆ ಮಾರುಕಟ್ಟೆ ಇಲ್ಲವೆಂದು ಬಲ್ಲೆ. ತಮ್ಮ ಕ್ಯಾಸೆಟ್ ಮಾರುವ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬೇರೆ ಯಾರೂ ಅದನ್ನು ಕೊಳ್ಳದಂತೆ ನಾನೇ ನಿಂತು ತಡೆಯುತ್ತೇನೆ.

ಚಪ್ಪಾಳೆ ಹೊರತು ಮಿಕ್ಕೆಲ್ಲದರಲ್ಲೂ ತಮ್ಮ ವಿಶ್ವಾಸಿ,
ಮಲ್ಲಿಕಾಂಬ, ಕಡೂರು

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕಲು ಹೊರಟಾಗ ಪಕ್ಕದ ಮನೆಯ ಕಲ್ಲಮ್ಮ ಬಾಗಿಲಲ್ಲಿ ಸಿಕ್ಕರು. ವಿಷಯ ಕೇಳಿ, ಹೊಸ್ತಿಲಿಗೆ ಅಡ್ಡ ನಿಂತು ಅವರು ಹೇಳಿದ್ದನ್ನು ತಮ್ಮ ಅವಗಾಹನೆಗಾಗಿ ಇದ್ದಹಾಗೇ ಬರೆದಿದ್ದೇನೆ: “ಕಾಗ್ದ ಯಾಕೆ ಕಳುಸ್ತೀಯೇ ಮಲ್ಲಿ? ಷಡಕ್ಷರೀನೇ ಕರ್ಕಂಡು ಹೋಗಿ ಆ ಕಂಪ್ನಿಯವ್ರ ಎದುರಿಗೆ ಕೂರ್ಸು. ಒಂದು ಹಾಡು ಹೇಳಪ್ಪಾ ಅಂತ ಅವ್ರೇ ಕೇಳ್ಲಿ.”