ರೆಮೆದಿ ಬಾಯಿಯ ಮೊಳೆಗಳು

ಎಲ್ಲದಕ್ಕೂ ಕಾರಣ ಆ ಶೂಗಳ ಅಡಿಯಲ್ಲಿದ್ದ ಮೊಳೆಗಳು. ಅವು ಇದ್ದ ಹಾಗೇ ಇರಲಿ ಎಂದು ಮುಂಡಪ್ಪ ಸುಮ್ಮನಿದ್ದಿದ್ದರೆ ತಡವಾಗಿಯಾದರೂ ಊರಿಗೆ ಹೋಗಿ ಮದುವೆಯಾಗಿ ಬರುತ್ತಿದ್ದ. ಆದರೆ ಬಡಗಿಯ ಕಣ್ಣಿಗೆ ಮೊಳೆ ಬಿದ್ದ ಮೇಲೆ ಕೈ ಸುಮ್ಮನಿರುತ್ತದೆಯೇ?

ಎಪ್ಪತ್ತೆಂಟನೆಯ ಇಸವಿಯ ಮಾತು. ಬಹರೈನಿನಲ್ಲಿ ಆಗ ಇಷ್ಟೆಲ್ಲ ಗಾಜಿನ ಕಟ್ಟಡಗಳಿರಲಿಲ್ಲ. ಮನಾಮದ ಯಾವ ಬೀದಿಯಲ್ಲಿ ನಿಂತರೂ ಸಮುದ್ರದ ಗಾಳಿ ಅಂಗಿಯೊಳಗೆ ನುಗ್ಗುತ್ತಿತ್ತು. ಊರಿನ ಸುದ್ದಿ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಮನೆಯವರೆಲ್ಲ ಟೇಪ್ ರೆಕಾರ್ಡರಿನ ಎದುರು ಕುಳಿತು, ಯಾರೋ ಎದುರಿಗೇ ಇದ್ದಾರೆ ಎಂಬ ಹಾಗೆ ಮಾತಾಡಿ, ರಜೆಗೆ ಬಂದವರ ಕೈಯಲ್ಲಿ ಅದನ್ನು ಕಳಿಸುತ್ತಿದ್ದರು. ಇಲ್ಲಿ ಒಬ್ಬನ ಅಮ್ಮ ಮಾತಾಡಿದರೆ ರೂಮಿನವರೆಲ್ಲ ಸುತ್ತ ಕುಳಿತು ಮೂಗು ಒರೆಸಿಕೊಳ್ಳುವ ಕಾಲ ಅದು.

ಮುಂಡಪ್ಪ ಮನಾಮದ ಗುಫೂಲಿನ ಬದಿಯ ಒಂದು ಹೋಟೆಲಿನಲ್ಲಿ ಬಡಗಿ. ಅವನಿಗೆ ಬಂದ ಕೊನೆಯ ಕ್ಯಾಸೆಟ್ಟಿನಲ್ಲಿ ಅಮ್ಮನ ದನಿ ಮುಗಿದ ಮೇಲೆ ಒಂದು ಗಡಸು ದನಿ ಇತ್ತು. ಅದು ಅವನಿಗೆ ಗೊತ್ತುಮಾಡಿದ ಹುಡುಗಿ, ಮೂಲ್ಕಿಯ ಚಂದ್ರಾವತಿಯ ಅಪ್ಪನದು.

"ಮುಂಡಪ್ಪಾ, ಎರಡು ಸಲ ದಿನ ನೋಡಿ ಆಯ್ತು, ಎರಡು ಸಲವೂ ನಿನಗೆ ರಜೆ ಇಲ್ಲ. ಈಗ ಮೂರನೇ ಸಲ ಚಪ್ಪರಕ್ಕೆ ಹೇಳಿದ್ದೇನೆ. ಹಾಕಿದ ಚಪ್ಪರ ಸುಮ್ಮನೆ ಬಿಚ್ಚಿಸುವ ಜನ ನಾನಲ್ಲ, ಗೊತ್ತಾಯ್ತಾ?"

ಗೊತ್ತಾಗದೆ ಏನು! ಆದರೆ ಮುಂಡಪ್ಪನ ಪಾಸ್‌ಪೋರ್ಟು ಇದ್ದದ್ದು ಮ್ಯಾನೇಜರ್ ಮೌರಿಸ್ ಸಾಹೇಬರ ಮೇಜಿನ ಡ್ರಾಯರಿನಲ್ಲಿ. ಮೌರಿಸರು ಮಂಗಳೂರಿನವರೇ, ಬೆಳೆದದ್ದು ಬೊಂಬಾಯಿಯಲ್ಲಿ. ಅವರಿಗೆ ಸಿಟ್ಟು ಬಂದರೆ ಹಿಂದಿ ಬರುತ್ತಿತ್ತು, ತುಂಬ ಸಿಟ್ಟು ಬಂದರೆ ಕೊಂಕಣಿ. ಕನ್ನಡ ಬರುತ್ತಿದ್ದದ್ದು ಯಾರಿಂದಲಾದರೂ ದೊಡ್ಡ ಕೆಲಸ ಆಗಬೇಕಾದಾಗ ಮಾತ್ರ.

ಹಿಂದಿನ ತಿಂಗಳು ಅವರು ಶುದ್ಧ ಕನ್ನಡದಲ್ಲಿ, "ಮುಂಡಪ್ಪಾ, ಒಂದು ವೇದಿಕೆ ಮಾಡಬೇಕಲ್ಲ" ಎಂದಿದ್ದರು. ಸ್ಪೇನ್ ದೇಶದ ಸೆವಿಲ್ಲೆ ಎಂಬ ಪಟ್ಟಣದಿಂದ ಕಲಾವಿದರು ಬರುವವರಿದ್ದರು. ಹೋಟೆಲಿನ ದೊಡ್ಡ ಹಾಲಿನ ಗೋಡೆಯ ಮೇಲೆಲ್ಲ ಆ ಊರಿನ ಚಿತ್ರಗಳು, ನಡುವೆ ಗಿಟಾರು, ಕುಣಿತ. ಕೇಳುವುದಕ್ಕೆ ಸರಕಾರದ ದೊಡ್ಡವರು. ಮುಂಡಪ್ಪ ಬರ್ಮಾ ತೇಗದ ಹಲಗೆಯನ್ನು ಒಂದಕ್ಕೊಂದು ಕೂದಲು ನುಗ್ಗದ ಹಾಗೆ ಕೂಡಿಸಿ, ಪಾಲಿಶ್ ಹೊಡೆದು, ಮುಖ ನೋಡಿಕೊಳ್ಳುವಂಥ ವೇದಿಕೆ ಮಾಡಿದ. ಮೌರಿಸರು ಅದರ ಮೇಲೆ ಬೆರಳಾಡಿಸಿ ಹೇಳಿದರು: "ಮುಂದಿನ ವಾರ ಅರಬರ ಮದುವೆಗೂ ಇದೇ ಬೇಕು. ಒಂದು ಗೀರು ಬಿದ್ದರೆ ನಿನಗೆ ರಜೆ ಇಲ್ಲ. ಬೀಳದಿದ್ದರೆ ಶುಕ್ರವಾರದ ವಿಮಾನ."

ಚಿತ್ರಗಳನ್ನು ತೂಗುಹಾಕಿದವನೂ ಮುಂಡಪ್ಪನೇ. ಒಂದು ಚಿತ್ರದ ಹತ್ತಿರ ಬಂದಾಗ ಅವನಿಗೆ ಸುತ್ತಿಗೆ ಮರೆತುಹೋಗುತ್ತಿತ್ತು. ಬಿಳಿ ಗೋಡೆ, ಹೆಂಚಿನ ಮಾಡು, ನಡುವಿನ ಅಂಗಳದಲ್ಲಿ ಹೂವಿನ ಕುಂಡಗಳು, ಕುರ್ಚಿಯಲ್ಲಿ ಯಾರೋ ಗಿಟಾರು ಹಿಡಿದು ಕುಳಿತಿದ್ದಾನೆ, ಬಾಗಿಲ ಸಂದಿಯಲ್ಲಿ ಒಬ್ಬ ಹೆಂಗಸು ಅದನ್ನು ಕೇಳುತ್ತಿದ್ದಾಳೆ. ಗಿಟಾರನ್ನು ತೆಗೆದರೆ ಅದು ಮೂಲ್ಕಿಯ ಮನೆಯೇ. ಬಾಗಿಲ ಸಂದಿಯಲ್ಲಿದ್ದದ್ದು ಯಾರೆಂದು ಅವನು ಯಾರಿಗೂ ಹೇಳಲಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ, ಅವನು ವೇದಿಕೆಯನ್ನು ಕೊನೆಯ ಸಲ ಬಟ್ಟೆಯಿಂದ ಒರೆಸುತ್ತಿದ್ದಾಗ ಹೋಟೆಲಿನ ದರ್ಜಿ ವಾಸು ಬಂದ. ಒಂದೇ ರೂಮಿನವನು, ಮದುವೆಯಾಗದವನು, ಕೇಳದೆ ಬುದ್ಧಿ ಹೇಳುವವನು. ಕೈಯಲ್ಲಿ ಒಂದು ಜೊತೆ ಕೆಂಪು ಶೂ.

"ಮುಂಡಪ್ಪಣ್ಣ, ಸ್ವಲ್ಪ ಅಂಟು ಕೊಡಿ. ಆ ಕುಣಿಯುವ ಅಮ್ಮನದ್ದು, ಪಟ್ಟಿ ಬಿಟ್ಟುಹೋಗಿದೆ. ಉಳಿದ ಪೆಟ್ಟಿಗೆಯೆಲ್ಲ ವಿಮಾನ ಬದಲಿಸುವಾಗ ಕುವೈತಿನಲ್ಲೇ ಉಳಿದಿದೆಯಂತೆ, ಇರುವುದು ಇದೊಂದೇ ಜೊತೆ."

ಮುಂಡಪ್ಪ ಶೂವನ್ನು ಮಗುಚಿ ನೋಡಿದ. ತುದಿಯಲ್ಲೂ ಹಿಮ್ಮಡಿಯಲ್ಲೂ ಮೊಳೆಯ ತಲೆಗಳು ಹಲಸಿನ ಹಣ್ಣಿನ ಮೈಯಂತೆ ಎದ್ದು ನಿಂತಿದ್ದವು.

"ಇದೆಂತದು ಮಾರಾಯ? ಇದನ್ನು ಹಾಕಿಕೊಂಡು ನನ್ನ ತೇಗದ ಮೇಲೆ ಕುಣಿಯುವುದಾ?"

"ಪಾಪ, ಬಡವರು ಅಂತ ಕಾಣ್ತದೆ" ಎಂದ ವಾಸು. "ಅಟ್ಟೆ ಹೋದ ಹಾಗೆ ಮೊಳೆ ಹೊಡೆದು ಹೊಡೆದು ದಿನ ದೂಡಿದ್ದಾರೆ. ಕಲಾವಿದರ ಬದುಕು ಎಲ್ಲ ದೇಶದಲ್ಲೂ ಅಷ್ಟೇ."

ಅಷ್ಟು ಹೊತ್ತಿಗೆ ಹೋಟೆಲಿನ ಹಿರಿಯ ವೇಟರ್ ಜೊಕಿಮ್ ಬಂದ. ಊರಿನಲ್ಲಿ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಎಲ್ಲರೂ ಅವನನ್ನು 'ಪೊರ್ಬುಗಳೇ' ಎಂದೇ ಕರೆಯುತ್ತಿದ್ದರು. ಜೊತೆಗೆ ಅವನ ಹೆಂಡತಿ ರೋಜಿ. ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಚಿತ್ರ ನೋಡಲು ಬಂದವಳು ಶೂ ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು.

"ಜೆಜು! ತುಕ್ಕು ಹಿಡಿದ ಮೊಳೆ! ಒಂದು ಒಳಗೆ ಚುಚ್ಚಿದರೆ ಧನುರ್ವಾಯು. ನಾಳೆ ನಮ್ಮ ವಾರ್ಡಿಗೇ ತರ್ತಾರೆ."

"ಪೊರ್ಬುಗಳೇ, ಆ ಅಮ್ಮನ ಹತ್ತಿರ ಒಂದು ಮಾತು ಕೇಳಿ ಬರ್ತೀರಾ?" ಎಂದ ಮುಂಡಪ್ಪ. ಸ್ಪ್ಯಾನಿಷ್ ಭಾಷೆ ಕೊಂಕಣಿಯ ಅಕ್ಕನ ಮಗಳು, ತನಗೆ ಅರ್ಧ ಗೊತ್ತು ಎಂದು ಜೊಕಿಮ್ ಬೆಳಗ್ಗಿನಿಂದ ಸಾರುತ್ತಿದ್ದ. ನರ್ತಕಿಯ ಹೆಸರು ರೆಮೆದಿಯೋಸ್ ಎಂದು ತಿಳಿದ ಮೇಲಂತೂ, "ನನ್ನ ದೊಡ್ಡಮ್ಮನೂ ರೆಮೆದಿಯೇ" ಎಂದು ಹೆಸರಿಗೆ 'ಬಾಯಿ' ಸೇರಿಸಿ ಅವಳನ್ನು ಮನೆಯ ಕಡೆಯವಳನ್ನಾಗಿ ಮಾಡಿಕೊಂಡಿದ್ದ.

"ಈಗ ಕೇಳುವ ಹಾಗಿಲ್ಲ" ಎಂದ ಜೊಕಿಮ್, ದನಿ ತಗ್ಗಿಸಿ. "ರೆಮೆದಿ ಬಾಯಿ ಮಲಗಿದ್ದಾರೆ. ಅವರ ಊರಲ್ಲಿ ಮಧ್ಯಾಹ್ನದ ನಿದ್ದೆ ಅಂದ್ರೆ ಇಗರ್ಜಿಯ ಪೂಜೆ ಇದ್ದ ಹಾಗೆ, ನಡುವೆ ಮಾತಾಡಬಾರದು."

"ಕೇಳುವುದೆಂತ?" ಎಂದ ವಾಸು. "ಕಿತ್ತು ಹಾಕಿ ರಬ್ಬರು ಅಂಟಿಸಿ ಮುಂಡಪ್ಪಣ್ಣ. ಅವರ ಕಾಲೂ ಉಳಿಯಿತು, ನಿಮ್ಮ ಹಲಗೆಯೂ ಉಳಿಯಿತು, ನಿಮ್ಮ ಮದುವೆಯೂ ಉಳಿಯಿತು."

ಮೂರೂ ಒಂದೇ ಉಸಿರಿನಲ್ಲಿ ಉಳಿಯುವುದಾದರೆ ಯಾರು ಬೇಡ ಎನ್ನುತ್ತಾರೆ? ಮುಂಡಪ್ಪ ಇಕ್ಕುಳ ತಂದ. ಬಾಳೆಮೀನಿನ ಮುಳ್ಳು ಬಿಡಿಸುವಷ್ಟು ನಯವಾಗಿ ಒಂದೊಂದೇ ಮೊಳೆ ಕಿತ್ತ. ಹಳೆಯ ಲಾರಿ ಟ್ಯೂಬಿನ ರಬ್ಬರು ಕತ್ತರಿಸಿ, ಅಂಟು ಹಚ್ಚಿ, ಭಾರದ ಮರದ ತುಂಡು ಹೇರಿ ಒಣಗಿಸಿದ. ಕೈಗೆ ಹಾಕಿಕೊಂಡು ಹಲಗೆಯ ಮೇಲೆ ಕುಣಿಸಿ ನೋಡಿದ. ಬೆಕ್ಕು ನಡೆದಷ್ಟೂ ಸದ್ದಿಲ್ಲ. ಗೀರಂತೂ ಇಲ್ಲವೇ ಇಲ್ಲ. "ಪುಣ್ಯದ ಕೆಲಸ" ಎಂದಳು ರೋಜಿ.

ಸಂಜೆ ಹಾಲು ತುಂಬಿತು. ತೋಬು ಎಂಬ ಬಿಳಿ ನಿಲುವಂಗಿ ತೊಟ್ಟ ದೊಡ್ಡವರು, ಸೂಟಿನವರು, ಸೀರೆಯವರು, ಎಲ್ಲರೂ ಚಿತ್ರ ನೋಡಿ ಕುರ್ಚಿಯಲ್ಲಿ ಕುಳಿತರು. ಗಿಟಾರಿನವನು ತಂತಿ ಮೀಟಿದ. ಮುಂಡಪ್ಪ ವೇದಿಕೆಯ ಬದಿಯ ಪರದೆಯ ಹಿಂದೆ ನಿಂತಿದ್ದ. ಡ್ರೆಸ್ಸಿಂಗ್ ರೂಮಿನಿಂದ ವೇದಿಕೆಯವರೆಗೂ ದಪ್ಪ ಕಾರ್ಪೆಟ್ಟು, ಹಾಗಾಗಿ ರೆಮೆದಿ ಬಾಯಿಗೆ ನಡೆದು ಬರುವಾಗ ಏನೂ ತಿಳಿದಿರಲಿಲ್ಲ. ಅವಳು ವೇದಿಕೆಯ ನಡುವೆ ಬಂದು, ಕೈ ಮೇಲೆತ್ತಿ, ಜನರೆಲ್ಲ ಉಸಿರು ಹಿಡಿದಾಗ, ಬಲಗಾಲು ಎತ್ತಿ ಹಲಗೆಗೆ ಅಪ್ಪಳಿಸಿದಳು.

ಪುಸ್.

ಗಿಟಾರಿನವನು ತಲೆಯೆತ್ತಿ ನೋಡಿದ. ಅವಳು ಎಡಗಾಲು ಅಪ್ಪಳಿಸಿದಳು. ಒದ್ದೆ ಬಟ್ಟೆ ಹಾಸಿಗೆಯ ಮೇಲೆ ಬಿದ್ದ ಹಾಗಾಯಿತು. ಎರಡೂ ಕಾಲಲ್ಲಿ ಪಟಪಟ ಹೊಡೆದಳು. ಪುಸ್ ಪುಸ್ ಪುಸ್. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಆಗ ಮುಂಡಪ್ಪನ ತಲೆಗೆ ಹೊಳೆಯಿತು. ಅಯ್ಯೋ ದೇವರೇ, ಅವು ಬಡತನದ ಮೊಳೆಗಳಲ್ಲ, ಅವೇ ಅವಳ ಗೆಜ್ಜೆ! ಗೆಜ್ಜೆ ಬಿಚ್ಚಿ ತಾನು ವೇಷವನ್ನು ರಂಗಸ್ಥಳಕ್ಕೆ ಕಳಿಸಿದ್ದೇನೆ! ಎದುರು ಗೋಡೆಯ ಬಳಿ ನಿಂತಿದ್ದ ಮೌರಿಸರ ತುಟಿ ಅಲ್ಲಾಡುತ್ತಿತ್ತು. ದೂರಕ್ಕೆ ಕೇಳಿಸದಿದ್ದರೂ ಅದು ಕೊಂಕಣಿ ಎಂದು ಮುಂಡಪ್ಪನಿಗೆ ಗೊತ್ತಾಯಿತು.

"ಅಡಿಗೆ ಹೋಗಿ ಮುಂಡಪ್ಪಣ್ಣ!" ವಾಸು ಅವನ ಬೆನ್ನಿಗೆ ಗುದ್ದಿದ. "ವೇದಿಕೆಯ ಅಡಿಗೆ! ಕೆಳಗಿಂದ ಬಡಿಯಿರಿ! ಹಿಂದೆ ಚೆಂಡೆ ಬಡಿದವರಲ್ವಾ ನೀವು?"

ಬಡಿದದ್ದು ಹೌದು. ಹುಡುಗನಾಗಿದ್ದಾಗ ಯಕ್ಷಗಾನ ಮೇಳದಲ್ಲಿ ಒಂದು ಮಳೆಗಾಲದಷ್ಟು ಕಾಲ ಚೆಂಡೆ ಕಲಿತಿದ್ದ. ಭಾಗವತರು ತಾಳ ನಿಲ್ಲಿಸಿದ ಮೇಲೂ ಇವನ ಚೆಂಡೆ ನಿಲ್ಲುತ್ತಿರಲಿಲ್ಲ. "ಇವನು ಬಡಿಯಲಿಕ್ಕೇ ಹುಟ್ಟಿದವ, ಆದರೆ ಮರವನ್ನು" ಎಂದು ಭಾಗವತರೇ ಕೈಹಿಡಿದು ಬಡಗಿಯ ಹತ್ತಿರ ಬಿಟ್ಟಿದ್ದರು.

ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಮರದ ಕೊಡತಿ ಹಿಡಿದು ಮುಂಡಪ್ಪ ವೇದಿಕೆಯ ಅಡಿಯ ಚಿಕ್ಕ ಬಾಗಿಲಿನಿಂದ ಒಳಗೆ ತೆವಳಿದ. ಅಲ್ಲಿ ಗವ್ವೆನ್ನುವ ಕತ್ತಲೆ. ಹಲಗೆಯ ಸಂದಿಯಿಂದ ನೋಡೋಣವೆಂದರೆ ಸಂದಿಯೇ ಇಲ್ಲ! ತನ್ನ ಕೆಲಸದ ಚಂದಕ್ಕೆ ಅವನು ಜನ್ಮದಲ್ಲಿ ಮೊದಲ ಸಲ ಶಾಪ ಹಾಕಿದ. ಕೊನೆಗೆ ಹಲಗೆಗೆ ತಲೆಯನ್ನೇ ಆನಿಸಿದ. ಕಾಲು ಬಿದ್ದದ್ದು ನೆತ್ತಿಗೆ ತಿಳಿಯುತ್ತಿತ್ತು. ತಿಳಿದ ಕೂಡಲೇ ಬಡಿದ.

ಠಣ್!

ಮೇಲೆ ರೆಮೆದಿ ಬಾಯಿ ಬೆಚ್ಚಿಬಿದ್ದಳು. ಮತ್ತೆ ಕಾಲು ಅಪ್ಪಳಿಸಿದಳು. ಠಣ್! ಅವಳು ತಟತಟ ಎಂದರೆ ಕೆಳಗಿಂದ, ಗುಡ್ಡದ ಆಚೆಯಿಂದ ಕೂಗಿದ ಹಾಗೆ, ಸ್ವಲ್ಪ ತಡವಾಗಿ ತಟತಟ. ಗಿಟಾರಿನವನು ನಕ್ಕು ಓಟ ಹೆಚ್ಚಿಸಿದ. ಮುಂಡಪ್ಪನಿಗೂ ರಂಗೇರಿತು. ಮೂಗಿಗೆ ಮರದ ಹುಡಿ ಹೋಗುತ್ತಿತ್ತು, ಕಣ್ಣಿಗೆ ಬೆವರು. ಮೂಲ್ಕಿ, ಚಪ್ಪರ, ಡ್ರಾಯರು ಎಲ್ಲ ಮರೆತುಹೋಯಿತು. ಮೇಳದಲ್ಲಿ ಪೂರ್ತಿಯಾಗದೆ ಉಳಿದ ಚೆಂಡೆಯನ್ನೆಲ್ಲ ಆ ತೇಗದ ಮೇಲೆ ಇಳಿಸಿದ.

ರೆಮೆದಿ ಬಾಯಿ ಒಮ್ಮೆಲೇ ನಿಂತಳು. ಗಿಟಾರೂ ನಿಂತಿತು.

ಮುಂಡಪ್ಪ ನಿಲ್ಲಲಿಲ್ಲ. ಅವನಿಗೆ ನಿಲ್ಲಿಸುವುದು ಎಂದೂ ಬಂದದ್ದೇ ಇಲ್ಲ.

ನರ್ತಕಿ ಕಂಬದಂತೆ ನಿಂತಿದ್ದಾಳೆ, ನೆಲ ತಾನಾಗಿ ಕುಣಿಯುತ್ತಿದೆ. ಅವಳು ತಲೆ ಬಗ್ಗಿಸಿ, ಕಿವಿಗೊಟ್ಟು, ನೆಲದೊಡನೆ ಮಾತಾಡುವವಳಂತೆ ಬೆರಳು ಚಿಟಿಕೆ ಹೊಡೆದಳು. ಮುಂಡಪ್ಪ ಸುಸ್ತಾಗಿ ಕೊಡತಿ ಬಿಟ್ಟಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಮೌರಿಸರಿಂದ ಕರೆ ಬಂತು. ತಲೆಯ ಮೇಲೆ ಜೇಡರ ಬಲೆ ಹೊತ್ತುಕೊಂಡೇ ಮುಂಡಪ್ಪ ಆಫೀಸಿಗೆ ಹೋದ. ಅಲ್ಲಿ ರೆಮೆದಿ ಬಾಯಿ ಬರಿಗಾಲಲ್ಲಿ ಕುಳಿತಿದ್ದಳು, ಶೂ ಮೇಜಿನ ಮೇಲಿತ್ತು. ಪಕ್ಕದಲ್ಲಿ ದುಭಾಷಿಯಾಗಿ ಜೊಕಿಮ್.

"ಮುಂಡಪ್ಪಾ, ಕುಳಿತುಕೊಳ್ಳಪ್ಪ" ಎಂದರು ಮೌರಿಸರು.

ಕನ್ನಡ! ಮುಂಡಪ್ಪ ಕುಳಿತುಕೊಳ್ಳಲಿಲ್ಲ.

"ತಪ್ಪಾಯ್ತು ಸಾಹೇಬ್ರೆ. ಮೊಳೆಯೆಲ್ಲ ಡಬ್ಬಿಯಲ್ಲಿ ಉಂಟು. ಈಗಲೇ ಹೊಡೆದು ಕೊಡ್ತೇನೆ."

ಜೊಕಿಮ್ ಅದನ್ನು ಕೊಂಕಣಿಗೂ ಕೈಸನ್ನೆಗೂ ಇಳಿಸಿದ. ರೆಮೆದಿ ಬಾಯಿ ಶೂಗಳನ್ನು ಎದೆಗೆ ಅವಚಿಕೊಂಡು ದೀರ್ಘವಾಗಿ ಏನೋ ಹೇಳಿದಳು.

"ಬೇಡವಂತೆ" ಎಂದ ಜೊಕಿಮ್. "ಚಿಕ್ಕವಳಿದ್ದಾಗಿಂದ ಮೊಳೆಯ ಮೇಲೆ ಕುಣಿದು ಮೊಣಕಾಲು ಹೋಗಿದೆಯಂತೆ. ಇವತ್ತು ಮೊದಲ ಸಲ ನೋವಿಲ್ಲವಂತೆ. ಇನ್ನು ಕುಣಿದರೆ ಈ ರಬ್ಬರಿನಲ್ಲೇ ಅಂತೆ."

ಮೌರಿಸರು ನಸುನಕ್ಕರು. "ನೆಲಕ್ಕೂ ಒಂದು ಗೀರಿಲ್ಲ. ಕೊಟ್ಟ ಮಾತು ಮಾತೇ." ಡ್ರಾಯರು ಎಳೆದರು. ಪಾಸ್‌ಪೋರ್ಟು ಹೊರಗೆ ಬಂತು! ಮುಂಡಪ್ಪನ ಕಣ್ಣು ತುಂಬಿತು. ಅದರ ಮೇಲಿನ ಸಿಂಹಗಳು ಮೂರೂ ತನ್ನನ್ನು ನೋಡಿ ನಕ್ಕ ಹಾಗೆ ಕಂಡಿತು.

"ನಾಳೆ ಬೆಳಗ್ಗೆಯೇ ಕಳಿಸ್ತೇನೆ" ಎಂದರು ಮೌರಿಸರು.

"ಟಿಕೇಟಿಗಾ ಸಾಹೇಬ್ರೆ?"

"ವೀಸಾಕ್ಕೆ. ಕುವೈತ್, ದೋಹಾ, ಆಮೇಲೆ ಇವರ ಸೆವಿಲ್ಲೆ. ಕೆಳಗೆ ಬಡಿಯುವ ಮನುಷ್ಯ ಇಲ್ಲದೆ ರಬ್ಬರಿನಲ್ಲಿ ಕುಣಿಯುವುದು ಹೇಗಪ್ಪ? ನಿನ್ನನ್ನು ಇವರಿಗೆ ಬಿಟ್ಟುಕೊಟ್ಟಿದ್ದೇನೆ."

"ಸಾಹೇಬ್ರೆ, ನನ್ನ ಮದುವೆ... ಚಪ್ಪರ..."

"ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ನಿನ್ನ ರಜೆ ಹಾಳಾಗಬಾರದಲ್ಲ, ವಾಸುವನ್ನು ಕಳಿಸ್ತಿದ್ದೇನೆ. ಅವನು ಹುಡುಗಿಯ ಮನೆಗೆ ಹೋಗಿ ನಿನ್ನ ಪರವಾಗಿ ಎರಡು ಮಾತು ಹೇಳಿ ಬರ್ತಾನೆ."

ರೆಮೆದಿ ಬಾಯಿ ಎದ್ದು ಬಂದು ಮುಂಡಪ್ಪನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಪಾಸ್‌ಪೋರ್ಟು ಮೌರಿಸರ ಕೈಯಲ್ಲೇ ಇತ್ತು.

ಹೀಗೆ ಮುಂಡಪ್ಪ ಸೆವಿಲ್ಲೆಗೆ ಹೋದ. ಚಿತ್ರದಲ್ಲಿ ಕಂಡ ಆ ಅಂಗಳ, ಕುಂಡ, ಬಾಗಿಲ ಸಂದಿಯನ್ನು ಒಮ್ಮೆ ನೋಡಬೇಕೆಂದು ಅವನಿಗೆ ಬಹಳ ಆಸೆಯಿತ್ತು. ಆದರೆ ದಿನಕ್ಕೊಂದು ಹಾಲು. ಆ ಊರಿನ ಹೆಸರಾಂತ ಸಂಗೀತದ ಜಾಗಗಳನ್ನೆಲ್ಲ ಅವನು ಕಂಡ, ಎಲ್ಲವನ್ನೂ ಅಡಿಯಿಂದಲೇ. ಮುಂದೆ ಯಾರಾದರೂ ಸೆವಿಲ್ಲೆ ಹೇಗಿದೆ ಎಂದು ಕೇಳಿದರೆ, "ಮರ ಒಳ್ಳೆಯದು, ಕೂಡಿಸಿದ್ದು ಸಾಲದು" ಎನ್ನುತ್ತಿದ್ದ.

ಅಲ್ಲಿಗೇ ಅವನಿಗೆ ಊರಿನಿಂದ ಒಂದು ಕ್ಯಾಸೆಟ್ಟು ಬಂತು. ಒಂದು ಸಂಜೆ ವೇದಿಕೆಯ ಅಡಿಯಲ್ಲಿ ಕುಳಿತು, ಆಟ ಶುರುವಾಗುವ ಮೊದಲು, ಚಿಕ್ಕ ಟೇಪ್ ರೆಕಾರ್ಡರನ್ನು ಕಿವಿಗೆ ಹಿಡಿದುಕೊಂಡ. ಮೊದಲು ಆ ಗಡಸು ದನಿ: "ಮುಂಡಪ್ಪಾ, ಚಪ್ಪರ ಬಿಚ್ಚಿಸಲಿಲ್ಲ." ಆಮೇಲೆ ವಾಸುವಿನ ದನಿ, ಸ್ವಲ್ಪ ನಾಚಿಕೊಂಡು: "ಅಣ್ಣಾ, ನಾನು ಎರಡು ಮಾತು ಹೇಳಲಿಕ್ಕೇ ಹೋದದ್ದು. ಕೇಳುವ ಪುರುಸೊತ್ತು ಅವರಿಗಿರಲಿಲ್ಲ. ಮುಹೂರ್ತ ಮೀರ್ತದೆ ಅಂತ ನನ್ನನ್ನೇ ಮಂಟಪದಲ್ಲಿ ಕೂರಿಸಿಯೇಬಿಟ್ಟರು..." ಅದರ ಹಿಂದೆಯೇ ಮದುವೆಯ ವಾಲಗ, ಡೋಲು.

ಅಷ್ಟರಲ್ಲಿ ಮೇಲೆ ಗಿಟಾರು ಶುರುವಾಯಿತು. ಮುಂಡಪ್ಪ ಹಲಗೆಗೆ ತಲೆ ಆನಿಸಿ ಕೊಡತಿ ಎತ್ತಿಕೊಂಡ. ಕೈ ಮೇಲಿನದಕ್ಕೆ ಬಡಿಯುತ್ತಿದೆಯೋ ಕ್ಯಾಸೆಟ್ಟಿನ ಡೋಲಿಗೆ ಬಡಿಯುತ್ತಿದೆಯೋ ಅವನಿಗೇ ತಿಳಿಯಲಿಲ್ಲ. ಕ್ಯಾಸೆಟ್ಟಿನಲ್ಲಿ ವಾಲಗ ನಿಂತಿತು. ಮೇಲೆ ರೆಮೆದಿ ಬಾಯಿಯ ಕಾಲೂ ನಿಂತಿತು.

ಮುಂಡಪ್ಪನ ಕೊಡತಿ ಮಾತ್ರ ನಿಲ್ಲಲಿಲ್ಲ. ಸೆವಿಲ್ಲೆಯ ಜನ ಎದ್ದು ನಿಂತು, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು.