‘ಬರೀ ಗ್ಯಾಸ್’ ಎಂಬ ನನ್ನ ಹೇಳಿಕೆ

ನಮ್ಮ ಕಡೆಯ ಗಂಡಸರಿಗೆ ಬರುವುದು ಒಂದೇ ಕಾಯಿಲೆ, ಗ್ಯಾಸ್. ತಲೆ ಸಿಡಿದರೆ ಗ್ಯಾಸ್, ಬೆನ್ನು ಹಿಡಿದರೆ ಗ್ಯಾಸ್, ಎದೆಯ ಮೇಲೆ ಯಾರೋ ಕೂತ ಹಾಗಾದರೂ ಗ್ಯಾಸ್. ಜೀರಿಗೆ ಕಷಾಯ ಕುಡಿದು ಒಂದು ತೇಗು ಬಂತೆಂದರೆ ಸಾಕು, ದೊಡ್ಡ ಡಾಕ್ಟರೇ ಪರೀಕ್ಷೆ ಮಾಡಿ ಹೋದಷ್ಟು ಸಮಾಧಾನ. ಈ ಬಗೆಯ ಮೂರ್ಖರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲೊಬ್ಬನನ್ನು ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲೇ ನೋಡುತ್ತೇನೆ.

ದುಬೈಯಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯವಾದ ಹೊಸತರಲ್ಲಿ, ನಮ್ಮ ಕಂಪೆನಿಯ ಸಿಬ್ಬಂದಿಗೆ ವಿಮೆಯ ಕಾರ್ಡು ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಕಾರ್ಡಿನ ಜೊತೆ ಒಂದು ಪುಸ್ತಕ. ಅದರ ಮುಖಪುಟದಲ್ಲಿ ಹಲ್ಲು ಕಿಸಿದು ನಿಂತ ಕುಟುಂಬ; ಒಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಆ ಕುಟುಂಬಕ್ಕೆ ಏನೇನು ಕೊಡುವುದಿಲ್ಲ ಎಂಬ ಪುರಾಣ. ವಿಮೆಯವರು ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳ ಪಟ್ಟಿಗೆ ನೆಟ್‌ವರ್ಕ್ ಎಂದು ಹೆಸರು. ಅದರಾಚೆ ಹೋದಿರೋ, ಖರ್ಚು ನಿಮ್ಮದೇ. ಜೀವಕ್ಕೆ ಅಪಾಯವಾದಾಗ ಮಾತ್ರ ಯಾವ ಆಸ್ಪತ್ರೆಗೆ ಹೋದರೂ ವಿಮೆಯವರೇ ಕೊಡಬೇಕೆಂದು ಕಾನೂನಿತ್ತು. ನಾನು ಅದನ್ನು ಕಂಠಪಾಠ ಮಾಡಿ ಎಲ್ಲರಿಗೂ ಉಪದೇಶಿಸಿದೆ. “ಕಾನೂನು ನಮ್ಮ ಕಡೆ ಇದೆ, ಆದರೆ ಡಾಕ್ಟರ ಹತ್ತಿರ ನಿಜ ಹೇಳಬೇಕು” ಎಂದು ಬೆರಳೆತ್ತಿ ಹೇಳುತ್ತಿದ್ದೆ. ಈಗ ಆ ಬೆರಳಿನ ನೆನಪಾದರೆ ನಾಚಿಕೆಯಾಗುತ್ತದೆ.

ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆಂದು ಊದ್ ಮೇಥಾ ಬಡಾವಣೆಗೆ ಹೋದ ದಿನ ಮೆಟ್ಟಿಲು ಹತ್ತುವಾಗ ಎದೆ ಬಿಗಿಯಿತು. “ಪಪ್ಪಾ, ಯೂ ಆರ್ ಸ್ವೆಟಿಂಗ್” ಎಂದಳು ಮಗಳು. ಸೆಕೆ ಎಂದೆ. ಒಳಗೆ ಏಸಿ ಗಡಗಡ ನಡುಗಿಸುತ್ತಿತ್ತು. ದುಬೈಯ ಲೈಸೆನ್ಸನ್ನು ನನಗಿಂತ ಮೊದಲೇ ಗಿಟ್ಟಿಸಿದ ಹೆಂಡತಿ ವಾರಿಜ ನನ್ನನ್ನು ಕಾರಿಗೆ ತಳ್ಳಿ, ಹತ್ತಿರದ ಆಸ್ಪತ್ರೆಯೆದುರು ನಿಲ್ಲಿಸಿದಳು.

“ಇದು ನೆಟ್‌ವರ್ಕಿನಲ್ಲಿಲ್ಲ. ದೇರಾದ ಆಸ್ಪತ್ರೆಗೆ ಹೋಗುವ” ಎಂದೆ ನಾನು, ಉಸಿರು ಸಿಕ್ಕಷ್ಟರಲ್ಲಿ.

“ನಿಮ್ಮ ಪಟ್ಟಿಯನ್ನು ಒಲೆಗೆ ಹಾಕಿ ಮಾರಾಯ್ರೆ. ಇಳೀರಿ!”

ನರ್ಸ್ ಲವೀನಾ ಎಂಬ ಮಂಗಳೂರಿನ ಹುಡುಗಿ. ಕನ್ನಡದಲ್ಲೇ ಕೇಳಿದಳು, “ಎಂತ ಆಗ್ತದೆ ಸರ್?”

ಊರಿನವಳ ಎದುರು ಮರ್ಯಾದೆ ಬಿಡಲಾದೀತೇ? “ಏನಿಲ್ಲ ಸಿಸ್ಟರ್, ಬರೀ ಗ್ಯಾಸ್. ಎರಡು ಸಮೋಸ ತಿಂದಿದ್ದೆ.”

“ಸುಳ್ಳು ಸಿಸ್ಟರ್. ಮೆಟ್ಟಿಲಲ್ಲಿ ಕುಸಿದು ಕೂತ್ರು. ಎಡಗೈ ಎತ್ಲಿಕ್ಕೆ ಆಗುದಿಲ್ಲ. ಮೂರು ದಿನದಿಂದ ಎದೆ ಉಜ್ಜಿಕೊಂಡು ಟೀವಿ ನೋಡ್ತಾ ಇದ್ದಾರೆ” ಎಂದಳು ವಾರಿಜ ಹಿಂದಿನಿಂದ.

“ನೀವು ಸುಮ್ಮನಿರಿ ಸರ್. ಅಕ್ಕಾ, ನೀವು ಹೇಳಿ” ಎಂದ ಲವೀನಾ ಇಬ್ಬರ ಮಾತನ್ನೂ ಬರೆದುಕೊಂಡಳು. ಹೃದಯದ ರಕ್ತನಾಳವೊಂದು ಕಟ್ಟಿಹೋಗಿತ್ತು. ಅದೇ ಸಂಜೆ ಸ್ಟೆಂಟ್ ಹಾಕಿದರು.

ಜೀವ ಉಳಿದ ಮೇಲೆ ಬಿಲ್ಲು ಬಂತು, ಅದರ ಬೆನ್ನಿಗೇ ವಿಮೆ ಕಂಪೆನಿಯ ಪತ್ರ: “ಇದು ಬರೀ ಗ್ಯಾಸ್ ಎಂದು ರೋಗಿಯೇ ತಿಳಿಸಿರುವುದರಿಂದ ಇದು ತುರ್ತು ಚಿಕಿತ್ಸೆಯಲ್ಲ. ಆಸ್ಪತ್ರೆ ನೆಟ್‌ವರ್ಕಿನಲ್ಲಿಲ್ಲ. ಪಾವತಿ ಇಲ್ಲ.” ಅದುವರೆಗೆ ನನ್ನ ಒಂದು ಹಲ್ಲುನೋವನ್ನೂ ಎಕ್ಸ್‌ರೇ ಇಲ್ಲದೆ ನಂಬದ ಮಹಾನುಭಾವರು, ನಾನು ಹೇಳಿದ ಒಂದೇ ಒಂದು ಸುಳ್ಳನ್ನು ವೇದವಾಕ್ಯ ಮಾಡಿಕೊಂಡಿದ್ದರು! ಗ್ಯಾಸಿಗೆ ಯಾರಾದರೂ ರಕ್ತನಾಳಕ್ಕೆ ಸ್ಟೆಂಟ್ ಹಾಕುತ್ತಾರೆಯೇ ಎಂದು ಫೋನಿನಲ್ಲಿ ಅರಚಿದೆ. “ಐ ಅಂಡರ್‌ಸ್ಟ್ಯಾಂಡ್ ಸರ್” ಎಂದಿತು ಆ ಕಡೆಯ ಜೇನುದನಿ. ಏನೂ ಅರ್ಥ ಮಾಡಿಕೊಳ್ಳದಿರುವುದಕ್ಕೇ ಆಕೆಗೆ ಸಂಬಳ. ಆ ಬಿಲ್ಲು ನಾವೇ ಕಟ್ಟಬೇಕಾದರೆ ಮನೆ ಖಾಲಿ ಮಾಡಿ, ಹೆಂಡತಿ ಮಗಳನ್ನು ಉಡುಪಿಗೆ ಕಳಿಸಿ, ನಾನು ಆರು ಜನರ ಬ್ಯಾಚುಲರ್ ರೂಮಿನಲ್ಲಿ ಮೇಲಿನ ಮಂಚ ಹತ್ತಬೇಕಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಆಪರೇಷನ್ ಟೇಬಲ್ಲಿನ ಮೇಲೂ ಅಷ್ಟು ಹೆದರಿರಲಿಲ್ಲ.

ಆರೋಗ್ಯ ಇಲಾಖೆಗೆ ದೂರು ಬರೆದೆವು. ಬರೆದದ್ದು ವಾರಿಜ, ನಾನು ಸಹಿ ಹಾಕಿದೆ. ಲವೀನಾಳ ಟಿಪ್ಪಣಿಯ ಪ್ರತಿಯನ್ನೂ ಲಗತ್ತಿಸಿದೆವು. ಒಂದೂವರೆ ತಿಂಗಳು ಕಾಯಿಸಿ ತೀರ್ಪು ಬಂತು: ವಿಮೆ ಕಂಪೆನಿಯೇ ಪೂರ್ತಿ ಕೊಡತಕ್ಕದ್ದು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಳಗೆ ಇನ್ನೊಂದು ಸಾಲಿತ್ತು: “ರೋಗಿಯ ಹೇಳಿಕೆ ನಂಬಲರ್ಹವಲ್ಲ, ಪತ್ನಿಯ ಹೇಳಿಕೆಯನ್ನು ಸ್ವೀಕರಿಸಲಾಗಿದೆ.”

ವಾರಿಜ ಅದನ್ನು ಲ್ಯಾಮಿನೇಟ್ ಮಾಡಿಸಿ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಸಾರಿಗೆ ಉಪ್ಪು ಕಡಿಮೆ ಎಂದರೆ ಸೌಟಿನಲ್ಲೇ ಅತ್ತ ತೋರಿಸುತ್ತಾಳೆ. ಮೊನ್ನೆ ಕೃಷ್ಣಾಷ್ಟಮಿಯ ದಿನ ನಾಲ್ಕು ಗುಂಡಿಟ್ಟಿನ ಉಂಡೆ ಹೆಚ್ಚಾಗಿ ತಿಂದು ಎದೆ ಉರಿಯಿತು. “ಬರೀ ಗ್ಯಾಸ್” ಎಂದೆ. ಅವಳು ಕಾರಿನ ಕೀಲಿ ತೆಗೆದುಕೊಂಡಳು, ಮಗಳು ನನ್ನ ಚಪ್ಪಲಿ ತಂದಿಟ್ಟಳು. ಅದೇ ಆಸ್ಪತ್ರೆ, ಅದೇ ಲವೀನಾ. ನನ್ನನ್ನು ಅವಳು ಕೇಳಲೂ ಇಲ್ಲ. ಎಲ್ಲ ಪರೀಕ್ಷೆಯೂ ಆಯಿತು.

ಗ್ಯಾಸೇ ಆಗಿತ್ತು. ತುರ್ತಲ್ಲ, ನೆಟ್‌ವರ್ಕೂ ಅಲ್ಲ. ಜೀವಮಾನದಲ್ಲಿ ಒಮ್ಮೆ ನಿಜ ಹೇಳಿದ್ದಕ್ಕೆ ಬಿಲ್ಲು ನಾನೇ ಕಟ್ಟಿದೆ.